ಬಾರದ ಹಡಗಿನ ಲೆಕ್ಕ

ಕಂಟೇನರ್ ಹಡಗಿಗೂ ಬಸ್ಸಿನ ಹಾಗೆ ಟೈಂ ಟೇಬಲ್ ಇರುತ್ತದೆ. ಶಾಂಘೈನಲ್ಲಿ ಹೊರಟು, ಸಿಂಗಪುರ ಮುಟ್ಟಿ, ಸೂಯೆಜ್ ಕಾಲುವೆ ದಾಟಿ, ರಾಟರ್‌ಡ್ಯಾಮ್, ಹ್ಯಾಂಬರ್ಗ್ ಅಂತ ಒಂದೊಂದೇ ಬಂದರಿನಲ್ಲಿ ಸರಕು ಇಳಿಸಿ, ಹತ್ತಿಸಿ, ಮತ್ತೆ ಶಾಂಘೈಗೆ ವಾಪಸ್. ಇಂಥ ಒಂದು ಸುತ್ತಿಗೆ ಸುಮಾರು 12 ವಾರ ಬೇಕು. ಪ್ರತಿ ವಾರ ಒಂದು ಹಡಗು ಹೊರಡಬೇಕು ಅಂದರೆ ಆ ದಾರಿಗೆ 12 ಹಡಗು ಇರಬೇಕು, ಅಲ್ವಾ? ಈ ಸಾಲಿನಲ್ಲಿ ಯಾವುದೋ ಒಂದು ವಾರದ ಟ್ರಿಪ್ಪನ್ನು ಕಂಪನಿ ಕೈಬಿಟ್ಟರೆ ಅದನ್ನು ಬ್ಲಾಂಕ್ ಸೇಲಿಂಗ್ ಅನ್ನುತ್ತಾರೆ. ಕೆಲವು ಸಲ ಇಡೀ ಟ್ರಿಪ್ ರದ್ದಾಗುತ್ತದೆ, ಕೆಲವು ಸಲ ಹಡಗು ಒಂದು ಬಂದರನ್ನು ಮಾತ್ರ ಬಿಟ್ಟು ಮುಂದೆ ಹೋಗುತ್ತದೆ.

ಒಂದು ಹಡಗು ಬರದಿದ್ದರೆ ಒಂದು ವಾರ ತಡ, ಮುಂದಿನ ವಾರ ಎಲ್ಲ ಸರಿಹೋಗುತ್ತದೆ ಅಂತ ನಾನೂ ತುಂಬಾ ದಿನ ಅಂದುಕೊಂಡಿದ್ದೆ. ಪೆನ್ನು ಹಿಡಿದು ಲೆಕ್ಕ ಹಾಕಿದಾಗ ಬೇರೆಯೇ ಕಂಡಿತು.

ಒಂದು ಹಡಗು 20,000 ಡಬ್ಬ, ಅಂದರೆ ಕಂಟೇನರ್, ಹಿಡಿಯುತ್ತದೆ ಅಂದುಕೊಳ್ಳಿ. ವಾರಕ್ಕೆ ಬರುವ ಸರಕು 16,000 ಡಬ್ಬ. ಅಂದರೆ ಪ್ರತಿ ಹಡಗಿನಲ್ಲೂ 4,000 ಜಾಗ ಖಾಲಿ. ಒಂದು ವಾರ ಹಡಗು ಬರಲಿಲ್ಲ, 16,000 ಡಬ್ಬ ಬಂದರಿನಲ್ಲೇ ಉಳಿದವು. ಮುಂದಿನ ಹಡಗಿಗೆ ಅದರದ್ದೇ 16,000 ಕಾಯುತ್ತಿವೆ, ಹಳೆಯದರಲ್ಲಿ 4,000 ಮಾತ್ರ ಹತ್ತಿಸಬಹುದು. ಹೀಗೆ ಬಾಕಿ ತೀರಲು ನಾಲ್ಕು ವಾರ ಬೇಕು. ಈಗ ವಾರಕ್ಕೆ 19,000 ಡಬ್ಬ ಬರುತ್ತಿವೆ ಅಂದುಕೊಂಡು ಅದೇ ಲೆಕ್ಕ ಹಾಕಿ. ಖಾಲಿ ಜಾಗ 1,000, ಬಾಕಿ 19,000. ತೀರುವುದಕ್ಕೆ 19 ವಾರ! ವಾರಕ್ಕೆ 19,600 ಆದರೆ 49 ವಾರ. ತಪ್ಪಿದ್ದು ಮೂರರಲ್ಲೂ ಒಂದೇ ಟ್ರಿಪ್. ನಿಜ ಜೀವನದಲ್ಲಿ ಎಲ್ಲರೂ ಹೀಗೆ ಸಾಲಿನಲ್ಲಿ ನಿಂತು ಕಾಯುವುದಿಲ್ಲ, ಕೆಲವರು ಬೇರೆ ಹಡಗು ಹುಡುಕುತ್ತಾರೆ, ತುಂಬಾ ತುರ್ತು ಇದ್ದವರು ವಿಮಾನಕ್ಕೆ ಹಾಕುತ್ತಾರೆ, ಇನ್ನು ಕೆಲವರ ಆರ್ಡರೇ ಕೈತಪ್ಪಿ ಹೋಗುತ್ತದೆ. ಆದರೂ ಲೆಕ್ಕದ ರೀತಿ ಇದೇ. ಹಡಗು ತುಂಬಿದಷ್ಟೂ ಒಂದು ಟ್ರಿಪ್ ತಪ್ಪಿದ ಪೆಟ್ಟು ಹಲವು ಪಟ್ಟು ಬೆಳೆಯುತ್ತದೆ.

ಕಷ್ಟ ಏನೆಂದರೆ, ಕಂಪನಿಗಳು ಟ್ರಿಪ್ ರದ್ದು ಮಾಡುವುದೇ ಉಳಿದ ಹಡಗುಗಳನ್ನು ತುಂಬಿಸುವುದಕ್ಕೆ. ಅರ್ಧ ಖಾಲಿ ಹಡಗಿಗೂ ಎಣ್ಣೆ ಬೇಕು, ಕಾಲುವೆ ದಾಟಲು ಲಕ್ಷಗಟ್ಟಲೆ ಡಾಲರ್ ಸುಂಕ ಕಟ್ಟಬೇಕು. ಚೀನಾದ ಹೊಸ ವರ್ಷಕ್ಕೆ ಕಾರ್ಖಾನೆಗಳು ಮುಚ್ಚಿದಾಗ ಪ್ರತಿ ವರ್ಷವೂ ಟ್ರಿಪ್ ರದ್ದಾಗುತ್ತವೆ. ಸರಕು ಸಾಗಣೆಯ ಬಾಡಿಗೆ ಕುಸಿದರೆ ಏನಾಗುತ್ತದೆ ಅನ್ನುವುದನ್ನು ಇವರು 2016ರಲ್ಲಿ ದಕ್ಷಿಣ ಕೊರಿಯಾದ ಹಾಂಜಿನ್ ಕಂಪನಿ ದಿವಾಳಿಯಾದಾಗ ನೋಡಿದ್ದಾರೆ. ಅದರ ಹಡಗುಗಳು ಸರಕು ಹೊತ್ತುಕೊಂಡು ಸಮುದ್ರದ ಮಧ್ಯೆ ನಿಂತಿದ್ದವು, ಶುಲ್ಕ ಯಾರು ಕೊಡುತ್ತಾರೆ ಅಂತ ಬಂದರುಗಳು ಒಳಗೆ ಬಿಟ್ಟುಕೊಳ್ಳಲಿಲ್ಲ. ಹಾಗಾಗಿ ಕಂಪನಿಗಳ ನಿರ್ಧಾರ ನನಗೆ ಅರ್ಥವಾಗುತ್ತದೆ. ಆದರೆ ಬೇಡಿಕೆ ಕಡಿಮೆ ಇದೆ ಅಂತ ಹಡಗು ತೆಗೆದ ಮೇಲೆ ಬೇಡಿಕೆ ದಿಢೀರನೆ ವಾಪಸ್ ಬಂದರೆ? 2025ರ ಏಪ್ರಿಲ್‌ನಲ್ಲಿ ಅಮೆರಿಕ ಚೀನಾದ ಸರಕಿನ ಮೇಲೆ ಸುಂಕವನ್ನು 145 ಪ್ರತಿಶತಕ್ಕೆ ಏರಿಸಿತು. ಆರ್ಡರ್‌ಗಳು ನಿಂತವು, ಪೆಸಿಫಿಕ್ ದಾಟುವ ಟ್ರಿಪ್‌ಗಳು ಸಾಲಾಗಿ ರದ್ದಾದವು. ಮೇ ತಿಂಗಳಲ್ಲಿ ಸುಂಕ 30 ಪ್ರತಿಶತಕ್ಕೆ ಇಳಿದದ್ದೇ ತಡ, ಎಲ್ಲರೂ ಒಟ್ಟಿಗೆ ಜಾಗ ಕೇಳಿದರು. ಕೆಲವೇ ವಾರಗಳಲ್ಲಿ ಶಾಂಘೈನಿಂದ ಲಾಸ್ ಏಂಜಲೀಸ್‌ಗೆ ಹೋಗುವ ಡಬ್ಬದ ಬಾಡಿಗೆ ದುಪ್ಪಟ್ಟಿಗಿಂತ ಜಾಸ್ತಿ ಆಯಿತು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಖಾಲಿ ಡಬ್ಬಗಳ ವಿಷಯ. ಚೀನಾದಿಂದ ಸರಕು ತಂದ ಹಡಗೇ ಖಾಲಿ ಡಬ್ಬಗಳನ್ನು ವಾಪಸ್ ಒಯ್ಯಬೇಕು. ಹೋಗುವ ಟ್ರಿಪ್ ರದ್ದಾದರೆ ಬರುವ ಟ್ರಿಪ್ಪೂ ಇಲ್ಲ. 2020ರ ಆರಂಭದಲ್ಲಿ ಕೋವಿಡ್‌ನಿಂದ ಟ್ರಿಪ್‌ಗಳು ರದ್ದಾದಾಗ ಡಬ್ಬಗಳು ಬೇಡದ ಕಡೆ ಸಿಕ್ಕಿಕೊಂಡವು. ಆಮೇಲೆ ಅಮೆರಿಕದ ಜನ ಮನೆಯಲ್ಲೇ ಕೂತು ಸಾಮಾನು ತರಿಸಿಕೊಳ್ಳತೊಡಗಿದರು. ಚೀನಾದಲ್ಲಿ ಡಬ್ಬಕ್ಕೆ ಎಷ್ಟು ಬೆಲೆ ಬಂತೆಂದರೆ, ಕ್ಯಾಲಿಫೋರ್ನಿಯಾದಲ್ಲಿ ಬಾದಾಮಿ ತುಂಬಿಸುವವರೆಗೆ ಕಾಯುವ ಬದಲು ಖಾಲಿಯಾಗಿಯೇ ವಾಪಸ್ ಒಯ್ಯುವುದು ಲಾಭ ಅನ್ನಿಸಿತು. ಬೆಳೆದವರು ಬಾದಾಮಿ ಇಟ್ಟುಕೊಂಡು ನೋಡುತ್ತಾ ನಿಂತರು. ನಮ್ಮ ದೇಶದ ರಫ್ತುದಾರರಿಗೂ ಆಗ ಡಬ್ಬ ಸಿಗಲಿಲ್ಲ. 2019ರಲ್ಲಿ 40 ಅಡಿ ಡಬ್ಬದ ಸರಾಸರಿ ಬಾಡಿಗೆ ಸುಮಾರು 1,400 ಡಾಲರ್ ಇತ್ತು. 2021ರ ಸೆಪ್ಟೆಂಬರ್‌ನಲ್ಲಿ ಅದು 10,000 ದಾಟಿತ್ತು.

ಯಾರೂ ರದ್ದು ಮಾಡದೆಯೂ ಟ್ರಿಪ್ ಕಾಣೆಯಾಗಬಹುದು. 2023ರ ಕೊನೆಯಲ್ಲಿ ಯೆಮನ್‌ನ ಹೌತಿ ಬಂಡುಕೋರರು ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರು ಮಾಡಿದ ಮೇಲೆ ದೊಡ್ಡ ಕಂಪನಿಗಳು ಸೂಯೆಜ್ ಬಿಟ್ಟು ಆಫ್ರಿಕಾದ ಗುಡ್ ಹೋಪ್ ಭೂಶಿರ ಸುತ್ತಿ ಹೋಗತೊಡಗಿದವು. 12 ವಾರದ ಸುತ್ತು 14 ವಾರವಾಯಿತು ಅಂದುಕೊಳ್ಳಿ. ಹಡಗು ಇರುವುದು 12 ಮಾತ್ರ. ಅಂದಮೇಲೆ 14 ವಾರದಲ್ಲಿ ಎರಡು ವಾರ ಹೊರಡುವುದಕ್ಕೆ ಹಡಗೇ ಇಲ್ಲ.

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ಇಲ್ಲಿ ಸಿಕ್ಕಿಕೊಂಡಿತು. ದೇಶದ ಕಾಫಿಯಲ್ಲಿ ಸುಮಾರು 70 ಪ್ರತಿಶತ ಬೆಳೆಯುವುದು ಕರ್ನಾಟಕದಲ್ಲಿ. ಬಹುಪಾಲು ರಫ್ತಾಗುತ್ತದೆ, ಅತಿ ಹೆಚ್ಚು ಕೊಳ್ಳುವ ದೇಶ ಇಟಲಿ. ಮಂಗಳೂರಿನಿಂದ ಸಾಮಾನ್ಯವಾಗಿ ಚಿಕ್ಕ ಫೀಡರ್ ಹಡಗಿನಲ್ಲಿ ಕೊಲಂಬೊದಂಥ ದೊಡ್ಡ ಬಂದರಿಗೆ ಹೋಗಿ, ಅಲ್ಲಿ ದೊಡ್ಡ ಹಡಗು ಹಿಡಿಯಬೇಕು. ಆ ದೊಡ್ಡ ಹಡಗು ತಪ್ಪಿದರೆ ಡಬ್ಬ ಅಲ್ಲೇ ಬಿಸಿಲಲ್ಲಿ ಕೂರುತ್ತದೆ. ದಾಳಿ ಶುರುವಾದದ್ದು ಸರಿಯಾಗಿ ಕೊಯ್ಲಿನ ಹೊತ್ತಿಗೆ.

ಸರಕು ಹಡಗು ಹತ್ತಿದ ಮೇಲೆ ಬಿಲ್ ಆಫ್ ಲೇಡಿಂಗ್ ಅನ್ನುವ ಕಾಗದ ಸಿಗುತ್ತದೆ. ಸಾಮಾನ್ಯವಾಗಿ ಅದನ್ನು ಬ್ಯಾಂಕಿಗೆ ಕೊಟ್ಟರೆ ಮಾತ್ರ ರಫ್ತುದಾರನಿಗೆ ದುಡ್ಡು. ಹಡಗು ಬರದಿದ್ದರೆ ಕಾಗದ ಇಲ್ಲ, ಕಾಗದ ಇಲ್ಲದಿದ್ದರೆ ದುಡ್ಡಿಲ್ಲ, ಕಾಫಿ ಕೊಳ್ಳಲು ತಂದ ಸಾಲಕ್ಕೆ ಬಡ್ಡಿ ಮಾತ್ರ ಓಡುತ್ತಲೇ ಇರುತ್ತದೆ. ಅಷ್ಟರಲ್ಲಿ ಜೂನ್ ಬಂದರೆ ಇನ್ನೊಂದು ಭಯ. 11 ಪ್ರತಿಶತದ ಆಸುಪಾಸು ತೇವ ಉಳಿಯುವ ಹಾಗೆ ಜೋಪಾನವಾಗಿ ಒಣಗಿಸಿದ ಬೀಜ, ಕರಾವಳಿಯ ಮಳೆಗಾಲದ ಗಾಳಿಯಲ್ಲಿ ಗೋದಾಮಿನಲ್ಲಿ ಕೂತಲ್ಲೇ ಮತ್ತೆ ನೀರು ಹೀರಿಕೊಳ್ಳತೊಡಗುತ್ತದೆ.