ಕಲ್ಲುಗಣಿಯ ಚಿಪ್ಪೂ ಲಿಸ್ಟರನ ಹಟವೂ

ಮಾರ್ಟಿನ್ ಲಿಸ್ಟರ್ ಇಂಗ್ಲೆಂಡಿನವನು. ಮೊದಲು ಯಾರ್ಕಿನಲ್ಲಿ, ಆಮೇಲೆ ಲಂಡನ್ನಿನಲ್ಲಿ ವೈದ್ಯನಾಗಿದ್ದ. ಕಸುಬು ವೈದ್ಯಕೀಯವಾದರೂ ಹುಚ್ಚು ಚಿಪ್ಪುಗಳದ್ದು. ಬಸವನಹುಳು, ಕಪ್ಪೆಚಿಪ್ಪು, ಶಂಖ, ಕವಡೆ, ಯಾವುದನ್ನೂ ಬಿಟ್ಟವನಲ್ಲ. 1685ರಿಂದ 1692ರವರೆಗೆ ಕಂತುಕಂತಾಗಿ ಹೊರತಂದ 'ಹಿಸ್ಟೋರಿಯಾ ಕಾಂಕಿಲಿಯೋರಂ' ಎಂಬ ಪುಸ್ತಕದಲ್ಲಿ ಸಾವಿರಕ್ಕೂ ಜಾಸ್ತಿ ಚಿತ್ರಪುಟಗಳಿವೆ. ಚಿತ್ರ ಬರೆದು, ತಾಮ್ರದ ತಗಡಿನ ಮೇಲೆ ಕೊರೆದವರು ಅವನ ಹೆಣ್ಣುಮಕ್ಕಳಾದ ಸುಸಾನಾ ಮತ್ತು ಆನಾ. ಕೆಲಸ ಶುರುವಾದಾಗ ಇಬ್ಬರಿಗೂ ಇನ್ನೂ ಹದಿಹರೆಯ. ಅಪ್ಪನ ಹೆಸರಿನ ಜತೆ ಇವರ ಹೆಸರೂ ನೆನಪಾಗಬೇಕಿತ್ತು, ಅಲ್ವಾ?

ಲಿಸ್ಟರ್ ಚಿಪ್ಪುಗಳನ್ನು ವಿಂಗಡಿಸಿದ ರೀತಿ ಸರಳ. ಎಲ್ಲಿ ಸಿಗುತ್ತದೆ ಅನ್ನುವುದು ಮೊದಲ ಪ್ರಶ್ನೆ. ನೆಲದ್ದೋ, ಸಿಹಿನೀರಿನದ್ದೋ, ಸಮುದ್ರದ್ದೋ? ಸಮುದ್ರದವನ್ನು ಮತ್ತೆ ಎರಡು ಹೋಳಿನವು, ಒಂದೇ ಹೋಳಿನವು ಅಂತ ಬೇರೆ ಮಾಡಿದ. ಬಸವನಹುಳುಗಳನ್ನು ಕೊಯ್ದು ಒಳಗೆ ಇಣುಕಿದವನೇ ಆದರೂ ಪುಸ್ತಕದಲ್ಲಿ ಸಾಲಾಗಿ ಜೋಡಿಸಿದ್ದು ಹೊರಗಿನ ಚಿಪ್ಪು ನೋಡಿಯೇ.

ಇದೇ ಪುಸ್ತಕದಲ್ಲಿ, ಬಂಡೆಯೊಳಗೆ ಸಿಗುವ ಚಿಪ್ಪಿನಾಕಾರಗಳಿಗೂ ಆತ ಜಾಗ ಕೊಟ್ಟ. ಆದರೆ ಅವು ಒಂದು ಕಾಲದಲ್ಲಿ ಜೀವವಿದ್ದ ಪ್ರಾಣಿಯವು ಅಂತ ಒಪ್ಪಲಿಲ್ಲ. ಡೆನ್ಮಾರ್ಕಿನ ನಿಕೋಲಸ್ ಸ್ಟೆನೋ 1669ರಲ್ಲೇ ಅವು ನಿಜವಾದ ಚಿಪ್ಪುಗಳೆಂದು ವಾದಿಸಿದ್ದ. ಲಂಡನ್ನಿನ ವಿಜ್ಞಾನಿ ರಾಬರ್ಟ್ ಹುಕ್‌ನದ್ದೂ ಅದೇ ಮಾತು. ಲಿಸ್ಟರ್ 1671ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ಪತ್ರ ಬರೆದು, ನಮ್ಮ ಒಳನಾಡಿನ ಗಣಿಗಳಲ್ಲಿ ಸಿಗುವುದು ಬರೀ ಕಲ್ಲು, ಯಾವ ಪ್ರಾಣಿಯ ಭಾಗವೂ ಅಲ್ಲ ಎಂದ.

ಇಷ್ಟಕ್ಕೇ ಅವನನ್ನು ದಡ್ಡ ಅಂದುಬಿಡುವುದು ಸುಲಭ. ಆದರೆ ಅವನ ವಾದ ಕೇಳುವಂಥದ್ದು. ಕಬ್ಬಿಣದ ಅದಿರಿನ ಗಣಿಯಲ್ಲಿ ಸಿಕ್ಕ 'ಚಿಪ್ಪು' ಕಬ್ಬಿಣದ ಕಲ್ಲಿನದ್ದೇ. ಸುಣ್ಣಕಲ್ಲಿನ ಗಣಿಯದು ಸುಣ್ಣಕಲ್ಲಿನದ್ದೇ. ಒಡೆದು ನೋಡಿದರೆ ಅದರಲ್ಲಿ ಚಿಪ್ಪಿನ ಪದಾರ್ಥವೇ ಇಲ್ಲ. ಇನ್ನೊಂದು ವಿಷಯ: ಯಾರ್ಕ್‌ಶೈರಿನ ಆಡರ್ಟನ್ ಗಣಿಯ ಚಿಪ್ಪುಗಳೇ ಬೇರೆ, ಹತ್ತಿರದ ಬೆಟ್ಟಗಳ ಸೀಸದ ಗಣಿಯವೇ ಬೇರೆ. ಎಲ್ಲವನ್ನೂ ಸಮುದ್ರವೇ ತಂದು ಸುರಿದಿದ್ದರೆ ಒಂದೊಂದು ಕಲ್ಲಿಗೆ ಒಂದೊಂದು ಬಗೆ ಯಾಕೆ? ಇದೆಲ್ಲಕ್ಕಿಂತ ಗಟ್ಟಿ ವಾದ ಅಂದರೆ, ಗಣಿಯ ಚಿಪ್ಪನ್ನು ಹೋಲುವ ಜೀವಂತ ಪ್ರಾಣಿ ಅವನಿಗೆ ಎಲ್ಲೂ ಸಿಕ್ಕಿರಲಿಲ್ಲ. ಚಿಪ್ಪುಗಳನ್ನು ಅವನಷ್ಟು ಹತ್ತಿರದಿಂದ ನೋಡಿದವರು ಆಗ ಕಡಿಮೆ. ಹಾಗಾಗಿ ಈ ವ್ಯತ್ಯಾಸ ಬೇರೆಯವರಿಗಿಂತ ಚೆನ್ನಾಗಿ ಅವನ ಕಣ್ಣಿಗೆ ಬಿತ್ತು.

ಈ ಗಂಟು ಬಿಚ್ಚಬೇಕಾದರೆ ಕೆಲವು ಜೀವಿಗಳು ನಾಮಾವಶೇಷವಾಗಿವೆ ಅಂತ ಒಪ್ಪಬೇಕು. ಹುಕ್ ಅದಕ್ಕೆ ತಯಾರಿದ್ದ. ಲಿಸ್ಟರನ ಗೆಳೆಯ, ಗಿಡ ಪ್ರಾಣಿಗಳ ಅಧ್ಯಯನ ಮಾಡುತ್ತಿದ್ದ ಜಾನ್ ರೇಗೆ ಮಾತ್ರ, ದೇವರು ಮಾಡಿದ ಜೀವಿ ಅಳಿದೇ ಹೋಗುವುದುಂಟೇ ಎಂಬ ಹಿಂಜರಿಕೆ. ತಲೆನೋವು ಜಾಸ್ತಿ ಮಾಡಿದ್ದು ಅಮೊನೈಟ್ ಎಂಬ ಸುರುಳಿ ಕಲ್ಲು. ನಮ್ಮ ದೇವರಮನೆಗಳ ಸಾಲಿಗ್ರಾಮವೂ ನೇಪಾಳದ ಗಂಡಕಿ ನದಿಯಿಂದ ಬಂದ ಅಮೊನೈಟೇ. ಜೀವಂತ ಅಮೊನೈಟ್ ಇವತ್ತಿಗೂ ಯಾರಿಗೂ ಸಿಕ್ಕಿಲ್ಲ.

ಜೀವಿಗಳು ಅಳಿಯುತ್ತವೆ ಎಂಬುದನ್ನು 1796ರಲ್ಲಿ ಈಗಿನ ಆನೆಗಳ ಮೂಳೆಯನ್ನು ನೆಲದಲ್ಲಿ ಸಿಕ್ಕ ಹಳೆಯ ಆನೆಮೂಳೆಗಳ ಜತೆ ಹೋಲಿಸಿ ಮನಗಾಣಿಸಿದ್ದು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಕುವಿಯೇ. ಅಲ್ಲಿಂದ ಲಿಸ್ಟರನ ಆಕ್ಷೇಪಣೆಯೇ ತಿರುಗಿ ಬಿತ್ತು. ಒಂದೊಂದು ಕಲ್ಲಿಗೆ ಒಂದೊಂದು ಬಗೆ ಅಂದಿದ್ದನಲ್ಲ, ಕಾಲುವೆ ಸರ್ವೆ ಮಾಡುತ್ತಿದ್ದ ವಿಲಿಯಂ ಸ್ಮಿತ್ ಅದನ್ನೇ ಹಿಡಿದುಕೊಂಡ. ಒಳಗಿರುವ ಚಿಪ್ಪು ನೋಡಿ ಇದು ಯಾವ ಕಲ್ಲುಪದರ ಅಂತ ಹೇಳತೊಡಗಿದ. 1815ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಭೂವಿಜ್ಞಾನ ನಕ್ಷೆಯನ್ನೇ ಅಚ್ಚು ಹಾಕಿಸಿದ.

ಪ್ಯಾರಿಸ್ಸಿನಲ್ಲಿ ಜೀವವಿಜ್ಞಾನಿ ಲಾಮಾರ್ಕ್ ಸುತ್ತಮುತ್ತಲ ಪಳೆಯುಳಿಕೆ ಚಿಪ್ಪುಗಳನ್ನು ಇಂದಿನ ಚಿಪ್ಪುಗಳ ಪಕ್ಕ ಇಟ್ಟು ಹೋಲಿಸುತ್ತಿದ್ದ. ಅವು ಅಳಿಯುವುದಕ್ಕಿಂತ ಹೆಚ್ಚಾಗಿ ನಿಧಾನಕ್ಕೆ ಬದಲಾಗಿವೆ ಎಂಬುದು ಅವನ ಲೆಕ್ಕ. ಅದೇ ಊರಿನ ಚಿಪ್ಪುತಜ್ಞ ದೆಶಾಯೆ ಇನ್ನೂ ಮುಂದೆ ಹೋಗಿ, ಪ್ರತಿ ಪದರದ ಚಿಪ್ಪುಗಳಲ್ಲಿ ಎಷ್ಟು ಬಗೆಗಳು ಇಂದಿಗೂ ಬದುಕಿವೆ ಅಂತ ಎಣಿಸಿದ. ಆ ಎಣಿಕೆಯ ಮೇಲೆ ಬ್ರಿಟನ್ನಿನ ಭೂವಿಜ್ಞಾನಿ ಚಾರ್ಲ್ಸ್ ಲಯಲ್ 1833ರಲ್ಲಿ ಕಾಲಘಟ್ಟಗಳನ್ನು ಹೆಸರಿಸಿದ. ಅವನ ಲೆಕ್ಕದಲ್ಲಿ, ಇವುಗಳಲ್ಲಿ ಹಳೆಯದಾದ ಇಯೋಸೀನ್ ಪದರದಲ್ಲಿ ಆಗಲೂ ಬದುಕಿದ್ದ ಬಗೆಗಳು ಸುಮಾರು ಶೇ. 3.5. ಅದರ ಮೇಲಿನ ಮಯೋಸೀನ್‌ನಲ್ಲಿ ಶೇ. 18ರ ಹತ್ತಿರ. ಪ್ಲಯೋಸೀನ್‌ನ ತೀರಾ ಹೊಸ ಪದರಗಳಲ್ಲಂತೂ ಶೇ. 90 ದಾಟಿತ್ತು.