ಲ್ಯಾಪ್‌ಟಾಪ್ ನಿದ್ದೆ ಕೆಟ್ಟಾಗ ಎಸಿಪಿಐ ಟೇಬಲ್ ಏನು ಹೇಳುತ್ತದೆ?

ಮುಚ್ಚಿಟ್ಟ ಲ್ಯಾಪ್‌ಟಾಪ್ ತೆರೆದರೆ ಏಳುವುದೇ ಇಲ್ಲ. ಲಿನಕ್ಸ್, ಬಿಎಸ್‌ಡಿ ಆಪರೇಟಿಂಗ್ ಸಿಸ್ಟಂ ಬಳಸುವವರಿಗೆ ಇದು ಹಳೆಯ ಕಾಟ. ಬೈಗುಳವೆಲ್ಲ ಕರ್ನಲ್‌ಗೆ, ಅಂದರೆ ಆಪರೇಟಿಂಗ್ ಸಿಸ್ಟಂನ ತಿರುಳಿಗೆ. ಆದರೆ ಎಷ್ಟೋ ಸಲ ತಪ್ಪು ಅದಕ್ಕೂ ಕೆಳಗೆ, ಫರ್ಮ್‌ವೇರ್ (ಯಂತ್ರದೊಳಗೇ ಇರುವ ಮೂಲ ಸಾಫ್ಟ್‌ವೇರ್) ಮೆಮೊರಿಯಲ್ಲಿ ಇಟ್ಟುಹೋದ ಎಸಿಪಿಐ ಟೇಬಲ್‌ಗಳಲ್ಲಿ ಇರುತ್ತದೆ. ವಿದ್ಯುತ್ ಮತ್ತು ಹಾರ್ಡ್‌ವೇರ್ ನಿರ್ವಹಣೆಯ ಮಾನದಂಡವೇ ಎಸಿಪಿಐ.

1992ರ ಎಪಿಎಂ ಎಂಬ ಹಿಂದಿನ ಮಾನದಂಡದ ಕಾಲದಲ್ಲಿ ವಿದ್ಯುತ್ ಉಳಿಸುವ ಕೆಲಸ ಹೆಚ್ಚುಕಡಿಮೆ ಬಯಾಸ್ ಎಂಬ ಫರ್ಮ್‌ವೇರ್ ಕೈಯಲ್ಲೇ ಇತ್ತು. 1996ರ ಡಿಸೆಂಬರ್‌ನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಸೇರಿ ಎಸಿಪಿಐ ಹೊರತಂದವು. ಅಲ್ಲಿಂದ ತೀರ್ಮಾನ ಆಪರೇಟಿಂಗ್ ಸಿಸ್ಟಂನದು. ಹಾರ್ಡ್‌ವೇರ್ ವಿವರವನ್ನು ಟೇಬಲ್‌ಗಳಲ್ಲಿ ಬರೆದುಕೊಡುವುದು ಫರ್ಮ್‌ವೇರ್ ಕೆಲಸ. ಅವುಗಳಲ್ಲಿ ಮುಖ್ಯವಾದದ್ದು ಡಿಎಸ್‌ಡಿಟಿ. ಅದರಲ್ಲಿರುವುದು ಬರೀ ಅಂಕಿಗಳಲ್ಲ, ಎಎಂಎಲ್ ಎಂಬ ಬೈಟ್‌ಕೋಡ್. ಅಂದರೆ ತಯಾರಕರು ಬರೆದ ಕೋಡ್ ಕರ್ನಲ್ ಒಳಗೇ ಓಡುತ್ತದೆ. ಓದದೆ ಸುಮ್ನೆ ನಂಬೋದು ಸರಿಯಲ್ಲ, ಅಲ್ವಾ?

ಓದುವುದು ಕಷ್ಟವೂ ಅಲ್ಲ. ಫ್ರೀಬಿಎಸ್‌ಡಿಯಲ್ಲಿ ಎಸಿಪಿಐಡಂಪ್ ಕಮಾಂಡ್ ಇದೆ. ಲಿನಕ್ಸ್‌ನಲ್ಲಿ, ಕರ್ನಲ್ ತನ್ನ ವಿವರಗಳನ್ನು ಫೈಲ್‌ಗಳಂತೆ ತೋರಿಸುವ ಸಿಸ್‌ಎಫ್‌ಎಸ್ ಒಳಗೆ ಪ್ರತಿ ಟೇಬಲ್ ಒಂದೊಂದು ಫೈಲ್ ಆಗಿ ಸಿಗುತ್ತದೆ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ ಅದನ್ನು ನಕಲು ಮಾಡಿಕೊಂಡು, ಇಂಟೆಲ್‌ನ ಐಎಎಸ್‌ಎಲ್ ಎಂಬ ಕಂಪೈಲರ್‌ಗೆ ಕೊಟ್ಟರೆ ಬೈಟ್‌ಕೋಡ್ ಓದುವ ರೂಪಕ್ಕೆ ಬರುತ್ತದೆ.

ಮೊದಲು ನೋಡಬೇಕಾದ್ದು 36 ಬೈಟ್‌ಗಳ ಹೆಡರ್. ಟೇಬಲ್‌ನ ನಾಲ್ಕಕ್ಷರದ ಗುರುತು, ಉದ್ದ, ಟೇಬಲ್ ಕೆಟ್ಟಿಲ್ಲವೆಂದು ಖಚಿತಪಡಿಸುವ ಚೆಕ್‌ಸಮ್ ಅದರಲ್ಲಿವೆ. ಟೇಬಲ್‌ನ ಎಲ್ಲ ಬೈಟ್‌ಗಳನ್ನು ಕೂಡಿ 256ರಿಂದ ಭಾಗಿಸಿದರೆ ಶೇಷ ಸೊನ್ನೆ ಬರಬೇಕು. ಯಾವ ಕಂಪೈಲರ್ ಬಳಸಿದ್ದಾರೆ ಅನ್ನುವುದೂ ಅಲ್ಲೇ ಕಾಣುತ್ತದೆ. ಇದು ಸಣ್ಣ ವಿಷಯವಲ್ಲ. ಮೈಕ್ರೋಸಾಫ್ಟ್ ಕಂಪೈಲರ್ ಒಪ್ಪಿದ ಎಷ್ಟೋ ಕೋಡ್‌ನಲ್ಲಿ ಇಂಟೆಲ್‌ನದು ತಪ್ಪು ಹಿಡಿಯುತ್ತದೆ.

ನನ್ನ ಪ್ರಕಾರ ಜಾಸ್ತಿ ತೊಂದರೆ ಕೊಟ್ಟದ್ದು ಓಎಸ್‌ಐ ಎಂಬ ಪ್ರಶ್ನೆ. 'ನೀನು ಇಂಥ ವಿಂಡೋಸ್ ಆವೃತ್ತಿಗೆ ಹೊಂದುತ್ತೀಯಾ?' ಎಂದು ಫರ್ಮ್‌ವೇರ್ ಆಪರೇಟಿಂಗ್ ಸಿಸ್ಟಂ ಅನ್ನು ಕೇಳುತ್ತದೆ. ಇಲ್ಲ ಅಂದರೆ ಯಾರೂ ಸರಿಯಾಗಿ ಪರೀಕ್ಷಿಸದ ದಾರಿಗೆ ಇಳಿಯುವ ಅಪಾಯ. ಅದಕ್ಕೇ ಲಿನಕ್ಸ್ ಕರ್ನಲ್ ವಿಂಡೋಸ್ ಹೆಸರುಗಳಿಗೆ ಹೌದು ಅನ್ನುತ್ತದೆ. 2007ರ 2.6.23 ಆವೃತ್ತಿಯಿಂದ ಸ್ವಂತ ಹೆಸರು ಕೇಳಿದರೆ ಮಾತ್ರ ಇಲ್ಲ ಅನ್ನತೊಡಗಿತು! ಲಿನಕ್ಸ್‌ಗೆಂದೇ ಬರೆದ ಬೇರೆ ದಾರಿಗಳು ಹಳಸಿಹೋಗುತ್ತಿದ್ದವು. ಬೇಸರವಾದರೂ ಸರಿಯಾದ ತೀರ್ಮಾನ.

2013ರಲ್ಲಿ ಎಸಿಪಿಐ ಹೊಣೆ ಫರ್ಮ್‌ವೇರ್ ಮಾನದಂಡ ನೋಡಿಕೊಳ್ಳುವ ಯುಇಎಫ್‌ಐ ಫೋರಂಗೆ ಹೋಯಿತು. ಈಗಿನ ಹಲವು ಲ್ಯಾಪ್‌ಟಾಪ್‌ಗಳು ಎಸ್3 ನಿದ್ದೆಯನ್ನೇ (ಮೆಮೊರಿಗೆ ವಿದ್ಯುತ್ ಉಳಿಸಿ ಉಳಿದ ಬಹುತೇಕ ಭಾಗ ಆರಿಸುವ ನಿದ್ದೆ) ಕೈಬಿಟ್ಟಿವೆ. ಡಿಎಸ್‌ಡಿಟಿ, ಅದಕ್ಕೆ ಪೂರಕವಾದ ಎಸ್‌ಎಸ್‌ಡಿಟಿ ಟೇಬಲ್ ಎರಡರಲ್ಲೂ ಎಸ್3 ಹೆಸರು ಕಾಣದಿದ್ದರೆ ಮೊದಲು ಬಯಾಸ್ ಸೆಟಪ್‌ನಲ್ಲಿ ಆ ಆಯ್ಕೆ ಇದೆಯೇ ನೋಡಿ. ತಿದ್ದಿದ ಡಿಎಸ್‌ಡಿಟಿಯನ್ನು ಬೂಟ್ ವೇಳೆ ಹಾಕಲು ಲಿನಕ್ಸ್, ಫ್ರೀಬಿಎಸ್‌ಡಿ ಎರಡರಲ್ಲೂ ದಾರಿಯಿದೆ. ಆದರೆ ಫರ್ಮ್‌ವೇರ್ ಅಪ್‌ಡೇಟ್ ಆದ ತಕ್ಷಣ ಆ ಹಳೆಯ ಪ್ರತಿ ತೆಗೆದು, ಹೊಸ ಟೇಬಲ್‌ನಿಂದಲೇ ಮತ್ತೆ ತಿದ್ದಬೇಕು.