ಒಂದೇ ಬೆಡ್‌ರೂಮಿನ ಮನೆಯಲ್ಲಿ ಆಫೀಸು ಎಷ್ಟು ಹೊತ್ತಿಗೆ ಮುಚ್ಚಬೇಕು?

ಪ್ರಶ್ನೆ: ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಒನ್ ಬಿಎಚ್‌ಕೆ ಮನೆ. ನಾನು, ಗಂಡ, ಅತ್ತೆ, ನಾಲ್ಕನೇ ಕ್ಲಾಸಿನ ಮಗ. ವಾರದಲ್ಲಿ ನಾಲ್ಕು ದಿನ ಮನೆಯಿಂದಲೇ ಕೆಲಸ. ಲೋಕಲ್ ಟ್ರೈನಿನ ಕಾಟ ತಪ್ಪಿತು ಅಂದುಕೊಂಡೆ, ಈಗ ರಾತ್ರಿ ಹತ್ತಾದರೂ ಲ್ಯಾಪ್‌ಟಾಪ್ ಮುಚ್ಚಲು ಆಗುತ್ತಿಲ್ಲ. ಕೇಳಿದರೆ ಎಲ್ಲರೂ ‘ಕೆಲಸಕ್ಕೆ ಬೇರೆ ರೂಮು ಮಾಡ್ಕೊಳ್ಳಿ’ ಅಂತಾರೆ. ಎಲ್ಲಿಂದ ತರಲಿ?

ಉತ್ತರ: ರೂಮಿನ ಮಾತು ಬಿಡಿ. ಆ ಸಲಹೆ ಕೊಡುವವರು ಮುಂಬೈಯಲ್ಲಿ ಎರಡನೇ ಬೆಡ್‌ರೂಮಿನ ಬಾಡಿಗೆ ಎಷ್ಟು ಅಂತ ಕೇಳಿರಲಿಕ್ಕಿಲ್ಲ. ನಮ್ಮ ಅಳತೆಯ ಮನೆಗಳಲ್ಲಿ ಕೆಲಸವನ್ನು ಗೋಡೆಯಿಂದ ಬೇರೆ ಮಾಡಲು ಆಗಲ್ಲ, ಗಡಿಯಾರದಿಂದಲೇ ಮಾಡಬೇಕು.

ಟ್ರೈನನ್ನು ನಾವೆಲ್ಲ ಬೈದವರೇ. ಆದರೆ ಅದರಿಂದ ಒಂದು ಉಪಕಾರ ಆಗುತ್ತಿತ್ತು. ಸಿಎಸ್‌ಎಂಟಿ ಸ್ಟೇಷನ್ನಿನಿಂದ ಸಂಜೆಯ ಫಾಸ್ಟ್ ಲೋಕಲ್ ಹಿಡಿಯಬೇಕು ಅಂತ ನೀವು ಕೆಲಸ ಅರ್ಧಕ್ಕೇ ಬಿಟ್ಟು ಏಳುತ್ತಿದ್ದಿರಿ, ಅಲ್ವಾ? ‘ಸರ್, ಟ್ರೈನ್’ ಅಂದರೆ ಮುಗೀತು, ಈ ಊರಲ್ಲಿ ಯಾವ ಬಾಸ್ ಕೂಡ ಅದಕ್ಕೆ ಮರುಮಾತಾಡಲ್ಲ. ಈಗ ನಿಮ್ಮನ್ನು ಬಿಟ್ಟು ಹೊರಟುಹೋಗುವಂಥದ್ದು ಏನೂ ಇಲ್ಲ. ಅದಕ್ಕೇ ಹತ್ತಾಗುತ್ತದೆ.

ಹಾಗಾಗಿ ಸಂಜೆಗೆ ಹೊರಗಿನದೇ ಒಂದು ಒತ್ತಾಯ ಹುಡುಕಿಕೊಳ್ಳಿ. ‘ಏಳಕ್ಕೆ ಮುಚ್ತೀನಿ’ ಅಂತ ನಮಗೆ ನಾವೇ ಹೇಳಿಕೊಂಡ ಮಾತು ಉಳಿಯಲ್ಲ. ಇನ್ನೊಬ್ಬರು ಕಾಯುತ್ತಿರಬೇಕು. ಮಗನನ್ನು ಕ್ಲಾಸಿನಿಂದ ಕರೆತರುವುದೋ, ಪಕ್ಕದ ವಿಂಗಿನ ಗೆಳತಿಯ ಜೊತೆ ವಾಕಿಂಗೋ, ಏನಾದರೂ ಸರಿ. ದುಡ್ಡು ಕಟ್ಟಿದ ಯೋಗ ಕ್ಲಾಸಾದರೆ ಇನ್ನೂ ಒಳ್ಳೆಯದು, ದುಡ್ಡು ದಂಡವಾಗುತ್ತಲ್ಲ ಅಂತಾದರೂ ಎದ್ದು ಹೋಗುತ್ತೀರಿ.

ಏಳುವ ಹತ್ತು ನಿಮಿಷ ಮೊದಲು ನಾಳೆ ಶುರು ಮಾಡುವ ಕೆಲಸವನ್ನು ಒಂದು ಚೀಟಿಯಲ್ಲಿ ಬರೆಯಿರಿ. ಸುಮ್ನೆ ‘ರಿಪೋರ್ಟ್’ ಅಂತ ಬರೆದರೆ ಸಾಲದು, ‘ಮೂರನೇ ಶೀಟಿನ ಟೋಟಲ್ ತಾಳೆ ನೋಡಬೇಕು’ ಅಂತ ಬರೆಯಬೇಕು. ಎಲ್ಲಿ ನಿಲ್ಲಿಸಿದ್ದೆ ಅನ್ನುವುದು ಕಾಗದದ ಮೇಲಿದ್ದರೆ ಅದು ಊಟದ ಹೊತ್ತಿಗೆ ತಲೆ ಕೊರೆಯುವುದು ಕಡಿಮೆ. ಆಮೇಲೆ ಚಾರ್ಜರ್ ಕಿತ್ತು, ವೈರ್ ಸುತ್ತಿ, ಲ್ಯಾಪ್‌ಟಾಪ್ ಜೊತೆ ಬ್ಯಾಗಿಗೆ ಹಾಕಿ ಕಪಾಟಿನ ಮೇಲೆ ಇಡಿ. ಚಾರ್ಜರ್ ಮರೆಯಬೇಡಿ. ಊಟದ ಟೇಬಲ್ ಮೇಲೆ ಎಲ್ಲ ಸಿಕ್ಕಿಸಿಕೊಂಡೇ ಇದ್ದರೆ ‘ಒಂದೇ ಒಂದು ಮೇಲ್’ ಅಂತ ಕೈ ಹೋಗಿಯೇ ಹೋಗುತ್ತದೆ, ಸ್ಟೂಲ್ ಹಾಕಿ ಇಳಿಸಬೇಕು ಅಂದರೆ ಆ ಮೇಲ್ ನಾಳೆಗೆ ಉಳಿಯುತ್ತದೆ.

ಫೋನಿನದು ಸುಲಭ. ಕಂಪನಿಯವರು ಆಂಡ್ರಾಯ್ಡ್ ಫೋನಿನಲ್ಲಿ ವರ್ಕ್ ಪ್ರೊಫೈಲ್ ಹಾಕಿಕೊಟ್ಟಿದ್ದರೆ ಆಫೀಸಿನ ಆಪ್‌ಗಳ ಮೇಲೆ ಪುಟ್ಟ ಬ್ಯಾಗಿನ ಗುರುತಿರುತ್ತದೆ, ಒಂದು ಸ್ವಿಚ್ ಒತ್ತಿದರೆ ಅಷ್ಟೂ ನಿಲ್ಲುತ್ತವೆ. ವಾಟ್ಸಾಪ್‌ನಲ್ಲೂ 2023ರಿಂದ ಆಂಡ್ರಾಯ್ಡ್‌ನಲ್ಲಿ ಒಂದೇ ಫೋನಿನಲ್ಲಿ ಎರಡು ಖಾತೆ ಇಟ್ಟುಕೊಳ್ಳಬಹುದು. ಎರಡನೇ ಸಿಮ್ ಇದ್ದರೆ ಆ ನಂಬರ್ ಆಫೀಸಿಗೆ.

ಬಾಸ್ ಜೊತೆ ಮಾತ್ರ ಮಾತಾಡಲೇಬೇಕು. ಕಾನೂನು ಬಂದು ಕಾಪಾಡುತ್ತದೆ ಅಂತ ಕೂರಬೇಡಿ. ಆಸ್ಟ್ರೇಲಿಯಾದಲ್ಲಿ ಡ್ಯೂಟಿ ಮುಗಿದ ಮೇಲೆ ಬರುವ ಆಫೀಸ್ ಕರೆಗೆ ಉತ್ತರ ಕೊಡದಿರುವ ಹಕ್ಕು 2024ರ ಆಗಸ್ಟ್‌ನಿಂದ ಇದೆ, ಫ್ರಾನ್ಸ್‌ನಲ್ಲಿ 2017ರಲ್ಲೇ ಇಂಥ ನಿಯಮ ಬಂತು. ನಮ್ಮಲ್ಲಿ ಬಾರಾಮತಿ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಇಂಥದ್ದೇ ಖಾಸಗಿ ಸದಸ್ಯರ ಮಸೂದೆ (ಮಂತ್ರಿಯಲ್ಲದ ಸಂಸದರು ತರುವ ಮಸೂದೆ) ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. 1970ರ ನಂತರ ನಮ್ಮ ಸಂಸತ್ತಿನಲ್ಲಿ ಒಂದೂ ಖಾಸಗಿ ಸದಸ್ಯರ ಮಸೂದೆ ಪಾಸಾಗಿಲ್ಲ, ಲೆಕ್ಕ ಹಾಕಿಕೊಳ್ಳಿ. ಅದರ ಬದಲು ನೀವೇ ಒಂದು ಮೇಲ್ ಹಾಕಿ: ‘ಒಂಬತ್ತೂವರೆಯಿಂದ ಆರೂವರೆವರೆಗೆ ಸಿಗುತ್ತೇನೆ, ಆಮೇಲೆ ಅರ್ಜೆಂಟ್ ಇದ್ದರೆ ಫೋನ್ ಮಾಡಿ.’ ಫೋನ್ ಮಾಡಿ ಅನ್ನುವುದರಲ್ಲೇ ಇದೆ ಮರ್ಮ. ರಾತ್ರಿ ಒಂಬತ್ತಕ್ಕೆ ಮೆಸೇಜ್ ತಳ್ಳಲು ಯಾರಿಗೂ ಸಂಕೋಚವಿಲ್ಲ, ಫೋನ್ ಮಾಡಲು ಎಲ್ಲರಿಗೂ ಇದೆ.

ಅಮೆರಿಕದ ಟೀಮ್ ಇದ್ದರೆ ಈ ಲೆಕ್ಕ ಕೆಡುತ್ತದೆ. ನ್ಯೂಯಾರ್ಕಿನಲ್ಲಿ ಬೆಳಗ್ಗೆ 9 ಅಂದರೆ ನಮಗೆ ಸಂಜೆ 6:30, ನವೆಂಬರ್‌ನಿಂದ ಮಾರ್ಚ್‌ವರೆಗೆ 7:30. ಅಂಥ ದಿನ ಮಧ್ಯಾಹ್ನ ಎರಡು ಗಂಟೆ ಹೊತ್ತು ನಿಮ್ಮದು ಅಂತ ಕ್ಯಾಲೆಂಡರ್‌ನಲ್ಲೇ ಹಾಕಿಬಿಡಿ. ಕೇಳಿದರೆ ಕೊಡಲ್ಲ, ಹಾಕಿಟ್ಟರೆ ಯಾರೂ ಕೇಳಲ್ಲ.

ಇನ್ನು ಮನೆಯವರ ಕಡೆಯಿಂದ ಬರುವ ಅಡ್ಡಿ. ‘ಮನೆಯಲ್ಲೇ ಇದ್ದೀಯಲ್ಲ, ಸ್ವಲ್ಪ ಕೊತ್ತಂಬರಿ ತಂದುಬಿಡು’ ಅನ್ನುವುದು ಹೆಂಗಸರಿಗೇ ಜಾಸ್ತಿ, ಗಂಡಸು ಲ್ಯಾಪ್‌ಟಾಪ್ ಮುಂದೆ ಕೂತರೆ ಮನೆಯೇ ಪಿಸುಮಾತಿಗೆ ಇಳಿಯುತ್ತದೆ. ಅತ್ತೆಯವರ ಮೇಲೆ ಸಿಡುಕಬೇಡಿ. ನೀವು ಯಾವಾಗ ಕೆಲಸದಲ್ಲಿದ್ದೀರಿ, ಯಾವಾಗ ಸುಮ್ನೆ ಫೋನ್ ನೋಡುತ್ತಿದ್ದೀರಿ ಅಂತ ಅವರಿಗೆ ಹೇಗೆ ಗೊತ್ತಾಗಬೇಕು? ಕೆಲಸ ಯಾವಾಗಲೂ ಒಂದೇ ಕುರ್ಚಿಯಲ್ಲಿ, ಗೋಡೆಗೆ ಮುಖ ಮಾಡಿ. ‘ಆ ಕುರ್ಚಿಯಲ್ಲಿದ್ದರೆ ನಾನು ಆಫೀಸಿನಲ್ಲಿದ್ದೀನಿ ಅತ್ತೆ, ಹನ್ನೊಂದಕ್ಕೆ ಚಹಾಕ್ಕೆ ಬರ್ತೀನಿ’ ಅಂತ ಹೇಳಿ, ಹನ್ನೊಂದಕ್ಕೆ ನಿಜವಾಗಿ ಎದ್ದು ಹೋಗಿ. ಒಂದು ವಾರ ಮಾತು ಉಳಿಸಿಕೊಂಡರೆ ನಡುನಡುವೆ ಕರೆಯುವುದು ತಾನಾಗೇ ಕಡಿಮೆಯಾಗುತ್ತದೆ. ಕುಕ್ಕರ್ ಸೀಟಿ ಒಂಬತ್ತೂವರೆ ಒಳಗೆ ಮುಗಿಯಲಿ. ಮನೆಗೆಲಸದಾಕೆ, ಕೊರಿಯರ್, ಗ್ಯಾಸ್ ಸಿಲಿಂಡರ್ ಬಂದಾಗ ಬಾಗಿಲು ಯಾರು ತೆಗೆಯಬೇಕು ಅಂತ ಬೆಳಗ್ಗೆಯೇ ಮಾತಾಡಿಕೊಳ್ಳಿ. ಗಂಡ ಮನೆಯಲ್ಲಿರುವ ದಿನ ಅವರೇ ತೆಗೆಯಲಿ.